ದೇಣಿಗೆ, ಹಳೆ ವಿದ್ಯಾರ್ಥಿ, ಪ್ರಕಟಣೆ: ಮೂರು ಕಚೇರಿಗಳ ಕಡತ ಒಟ್ಟಿಗೆ ಬಂದಾಗ ಇತಿಹಾಸ ಬರೆಯುವುದು ಹೇಗೆ?

ಪ್ರಶ್ನೆ

ಅಮೆರಿಕದ ಒಂದು ಹಳೆಯ ಕಾಲೇಜಿನ ದಾಖಲಾಗಾರಕ್ಕೆ ದೇಣಿಗೆ ಸಂಗ್ರಹ, ಹಳೆ ವಿದ್ಯಾರ್ಥಿ ಸಂಪರ್ಕ ಮತ್ತು ಪ್ರಕಟಣೆ ಕಚೇರಿಗಳ ಕಡತಗಳು ಕಲಸಿಕೊಂಡು ಬಂದಿವೆ. ಕಚೇರಿಗಳ ಹೆಸರು ಹಲವು ಸಲ ಬದಲಾಗಿದೆ. ಹಳೆ ವಿದ್ಯಾರ್ಥಿ ಪತ್ರಿಕೆ ಕೆಲವು ವರ್ಷ ಒಬ್ಬರ ಕೈಯಲ್ಲಿ, ಕೆಲವು ವರ್ಷ ಇನ್ನೊಬ್ಬರ ಕೈಯಲ್ಲಿ ಇದ್ದಂತಿದೆ. ಕಡತಪಟ್ಟಿಯ ಆರಂಭಕ್ಕೆ ಎರಡು ಪುಟದ ಆಡಳಿತ ಇತಿಹಾಸ ಬೇಕು. ಮೂರನ್ನೂ ಬಿಡಿಸಬೇಕೆ? ಇನ್ನೊಂದು ತೊಡಕು: ಅಭಿಯಾನದಲ್ಲಿ ಸಂಗ್ರಹವಾದ ಮೊತ್ತ ಕರಪತ್ರದಲ್ಲಿ ಒಂದು, ಲೆಕ್ಕಪುಸ್ತಕದಲ್ಲಿ ಮತ್ತೊಂದು.

ಉತ್ತರ 1

ಬಿಡಿಸಲು ಹೋಗಬೇಡಿ. ಕಚೇರಿಯ ಹೆಸರು ಹಿಡಿದು ಹೊರಟರೆ ಒಂದೇ ಪತ್ರಿಕೆಯ ಕಡತ ಮೂರು ಕಡೆ ಚೆದುರುತ್ತದೆ. ಕೆಲಸವನ್ನು ಹಿಡಿಯಿರಿ. ಪತ್ರಿಕೆ ತರುವುದು ಒಂದು ಕೆಲಸ, ವಿಳಾಸ ಪಟ್ಟಿ ಕಾಯುವುದು ಇನ್ನೊಂದು, ವಾರ್ಷಿಕ ನಿಧಿಗೆ ಪತ್ರ ಬರೆಯುವುದು ಮತ್ತೊಂದು. ಒಂದೊಂದು ಕೆಲಸದ ಕಡತಗಳು ಒಂದೊಂದು ಸರಣಿ. ಸರಣಿಯನ್ನು ಒಡೆಯದೆ, ಅದು ಯಾವ ವರ್ಷ ಯಾವ ಕಚೇರಿಯ ಕೈಯಲ್ಲಿತ್ತೆಂದು ನಮೂದಿಸಿದರೆ ಸಾಕು. ಆಸ್ಟ್ರೇಲಿಯಾದ ದಾಖಲಾಗಾರ ತಜ್ಞ ಪೀಟರ್ ಸ್ಕಾಟ್ 1966ರಲ್ಲಿ ಮಂಡಿಸಿದ ಸರಣಿ ಪದ್ಧತಿ ಇದೇ. ಸರ್ಕಾರಿ ಇಲಾಖೆಗಳ ಹೆಸರೂ ಹೊಣೆಯೂ ಬದಲಾಗುತ್ತಲೇ ಇದ್ದ ತೊಂದರೆಗೇ ಅವರು ಅದನ್ನು ರೂಪಿಸಿದ್ದು.

ಬರೆಯಲು ಕೂರುವ ಮೊದಲು ನಾಲ್ಕು ಕಲಂನ ಕಾಲಪಟ್ಟಿ ಮಾಡಿ: ವರ್ಷ, ಕಚೇರಿಯ ಹೆಸರು, ಮುಖ್ಯಸ್ಥರ ಹುದ್ದೆ, ಅವರು ಯಾರ ಕೈಕೆಳಗಿದ್ದರು. ಕೊನೆಯ ಕಲಮೇ ಇತಿಹಾಸದ ಬೆನ್ನೆಲುಬು. ಟ್ರಸ್ಟಿಗಳ ಸಭೆಯ ನಡಾವಳಿಯಿಂದ ಶುರುಮಾಡಿ, ಕಾಲೇಜಿನ ವಾರ್ಷಿಕ ಕೆಟಲಾಗಿನ ಸಿಬ್ಬಂದಿ ಪಟ್ಟಿಯೊಡನೆ ತಾಳೆ ನೋಡಿ. ಕೆಟಲಾಗ್ ಮುಂಚಿತವಾಗಿ ಅಚ್ಚಾಗುವುದರಿಂದ ವರ್ಷದ ನಡುವೆ ಆದ ಬದಲಾವಣೆ ಮುಂದಿನ ಸಂಚಿಕೆಯಲ್ಲಷ್ಟೇ ಕಾಣುತ್ತದೆ. ಲೆಟರ್‌ಹೆಡ್ಡನ್ನಂತೂ ಸಾಕ್ಷಿಯೆಂದು ಹಿಡಿಯಬೇಡಿ. ಹಳೆಯ ದಾಸ್ತಾನು ಮುಗಿಯುವ ತನಕ ಅದರ ಮೇಲೇ ಪತ್ರ ಬರೆದಿರುತ್ತಾರೆ.

ಉತ್ತರ 2

ಹಿನ್ನೆಲೆಗೆ ಒಂದಿಷ್ಟು. ಈ ಮೂರು ಕಚೇರಿಗಳು ಹುಟ್ಟಿದ್ದು ಬೇರೆ ಬೇರೆ ಕಡೆ. ಹಳೆ ವಿದ್ಯಾರ್ಥಿಗಳ ಸಂಘ ಎಲ್ಲಕ್ಕಿಂತ ಹಿರಿದು. ವಿಲಿಯಮ್ಸ್ ಕಾಲೇಜಿನದು 1821ರದು. ಪ್ರತಿವರ್ಷ ದೇಣಿಗೆ ಕೇಳುವ ರೂಢಿಗೆ ಯೇಲ್‌ನ 1890ರ ಹಳೆ ವಿದ್ಯಾರ್ಥಿ ನಿಧಿ ಮಾದರಿಯಾಯಿತು. ಹಳೆ ವಿದ್ಯಾರ್ಥಿ ಕಾರ್ಯದರ್ಶಿಗಳು 1913ರಲ್ಲಿ, ಕಾಲೇಜು ಸುದ್ದಿ ವಿಭಾಗದವರು 1917ರಲ್ಲಿ ತಮ್ಮ ತಮ್ಮ ರಾಷ್ಟ್ರೀಯ ಸಂಘ ಕಟ್ಟಿಕೊಂಡರು. ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಬಂದದ್ದೂ 1917ರಲ್ಲೇ. ವೆಸ್ಟ್ ವರ್ಜೀನಿಯಾದ ಗ್ರೀನ್‌ಬ್ರಯರ್ ಹೋಟೆಲಿನಲ್ಲಿ 1958ರಲ್ಲಿ ನಡೆದ ಸಮ್ಮೇಳನ ಈ ಕೆಲಸಗಳನ್ನೆಲ್ಲ ಒಬ್ಬ ಹಿರಿಯ ಅಧಿಕಾರಿಯ ಕೆಳಗೆ ತರುವ ದಾರಿ ತೋರಿಸಿತು. 1974ರಲ್ಲಿ ರಾಷ್ಟ್ರೀಯ ಸಂಘಗಳೂ ವಿಲೀನವಾಗಿ ‘ಕೇಸ್’ (CASE, ಶಿಕ್ಷಣದ ಉನ್ನತಿ ಮತ್ತು ಬೆಂಬಲದ ಮಂಡಳಿ) ಎಂಬ ಒಂದೇ ಸಂಸ್ಥೆ ಆಯಿತು. ನಿಮ್ಮ ಕಾಲಪಟ್ಟಿಯಲ್ಲಿ 1958ರಿಂದ 1975ರ ನಡುವೆ ಉಪಾಧ್ಯಕ್ಷರ ಹೊಸ ಹುದ್ದೆ ಕಾಣಿಸಿದರೆ ಕಾರಣ ಇಲ್ಲಿರಬಹುದು.

ಒಂದನ್ನು ತಪ್ಪದೆ ನೋಡಿ: ಹಳೆ ವಿದ್ಯಾರ್ಥಿ ಸಂಘ ಪ್ರತ್ಯೇಕವಾಗಿ ನೋಂದಣಿಯಾಗಿತ್ತೇ? ಆಗಿದ್ದರೆ ಅದು ಕಾಲೇಜಿನ ವಿಭಾಗವೇ ಅಲ್ಲ. ಅದರ ನಡಾವಳಿ, ಬ್ಯಾಂಕ್ ಖಾತೆ ಬೇರೆ. ಕಡತಗಳ ಒಡೆತನವೂ ಬೇರೆ ಇರಬಹುದು.

ಉತ್ತರ 3

ಮೊತ್ತದ ವಿಷಯ. ಎರಡೂ ಸರಿ ಇರಬಹುದು, ಏಕೆಂದರೆ ಎರಡೂ ಎಣಿಸಿರುವುದು ಬೇರೆ ಬೇರೆ. ಕರಪತ್ರದ ಮೊತ್ತದಲ್ಲಿ ಕೈಗೆ ಬಂದ ಹಣದ ಜೊತೆಗೆ ಮೂರು–ಐದು ವರ್ಷದ ಕಂತಿನಲ್ಲಿ ಕೊಡುವ ವಾಗ್ದಾನ, ಕೆಲವೊಮ್ಮೆ ಉಯಿಲಿನಲ್ಲಿ ಬಿಡುತ್ತೇವೆಂದವರ ಮಾತು, ಅಭಿಯಾನ ಬಹಿರಂಗವಾಗಿ ಘೋಷಣೆಯಾಗುವ ಮುಂಚಿನ ‘ಮೌನ ಹಂತ’ದ ದೇಣಿಗೆ ಎಲ್ಲವೂ ಸೇರಿರುತ್ತವೆ. ಲೆಕ್ಕಪುಸ್ತಕ ಹೆಚ್ಚಾಗಿ ಬಂದ ಹಣವನ್ನಷ್ಟೇ ಬರೆದಿರುತ್ತದೆ. ಅಮೆರಿಕದ 1993ರ ಲೆಕ್ಕಪತ್ರ ಮಾನದಂಡ 116 ಬಂದ ಮೇಲೆ ಷರತ್ತಿಲ್ಲದ ವಾಗ್ದಾನವನ್ನೂ ಆದಾಯವಾಗಿ ತೋರಿಸಬೇಕಾಯಿತು. ಹಾಗಾಗಿ ತೊಂಬತ್ತರ ದಶಕದ ನಡುವೆ ಮೊತ್ತ ಹಠಾತ್ತನೆ ಏರಿದ್ದರೆ ದಾನಿಗಳು ಹೆಚ್ಚಿದರೆಂದು ಬರೆದುಬಿಡಬೇಡಿ. ಅಲ್ಲಿನ ಬಹುತೇಕ ಕಾಲೇಜುಗಳ ಲೆಕ್ಕದ ವರ್ಷ ಜುಲೈ 1ರಿಂದ ಜೂನ್ 30ರವರೆಗೆ ಎಂಬುದೂ ನೆನಪಿರಲಿ. ಪ್ರತಿ ಮೊತ್ತದ ಪಕ್ಕದಲ್ಲಿ ‘ವಾಗ್ದಾನ ಸೇರಿ’ ಅಥವಾ ‘ಸ್ವೀಕೃತ’ ಎಂದು ಬರೆಯಿರಿ.

ಪ್ರಶ್ನೆ ಕೇಳಿದವರು

ತುಂಬಾ ಉಪಯೋಗವಾಯಿತು. ಅನೇಕ ಕರಪತ್ರಗಳಲ್ಲಿ ಇಸವಿಯೇ ಇಲ್ಲ. ಹಳೆ ವಿದ್ಯಾರ್ಥಿಗಳ ವೈಯಕ್ತಿಕ ಫೈಲ್‌ಗಳನ್ನು ಓದುಗರಿಗೆ ತೆರೆದಿಡಬಹುದೇ?

ಉತ್ತರ 4

ಇಸವಿಗೆ ವಿಳಾಸ ನೋಡಿ. ಅಮೆರಿಕದ ಅಂಚೆಯ ಐದಂಕಿಯ ಜಿಪ್ ಕೋಡ್ (ನಮ್ಮ ಪಿನ್ ಕೋಡಿನಂಥದು) ಮತ್ತು ರಾಜ್ಯದ ಎರಡಕ್ಷರದ ಸಂಕೇತ 1963ರಲ್ಲಿ ಬಂದವು, ಒಂಬತ್ತಂಕಿಯದು 1983ರಲ್ಲಿ. ನಗರದ ಹೆಸರಿನ ನಂತರ ಒಂದೆರಡು ಅಂಕಿಯ ವಲಯ ಸಂಖ್ಯೆ ಮಾತ್ರ ಇದ್ದರೆ 1943ರ ನಂತರದ್ದು, ಬಹುಪಾಲು 1963ಕ್ಕೆ ಮೊದಲಿನದು. ಮುದ್ರಣದ ಕೆಲಸದ ಲಕೋಟೆಗಳು ಉಳಿದಿದ್ದರೆ ಅವು ಇನ್ನೂ ಮೇಲು: ಆದೇಶದ ದಿನಾಂಕ, ಪ್ರತಿಗಳ ಸಂಖ್ಯೆ, ಕಾಗದದ ವಿವರ ಎಲ್ಲವೂ ಅಲ್ಲೇ ಸಿಗುತ್ತವೆ.

ಫೈಲ್‌ಗಳ ಬಗ್ಗೆ ಎಚ್ಚರಿಕೆ ಬೇಕು. ವಿದ್ಯಾರ್ಥಿ ದಾಖಲೆಗಳ ಗೋಪ್ಯತೆ ಕಾಯುವ ಅಮೆರಿಕದ 1974ರ ‘ಫೆರ್ಪಾ’ (FERPA) ಕಾಯ್ದೆ ವಿದ್ಯಾರ್ಥಿ ದೆಸೆಯ ದಾಖಲೆಗಳಿಗೆ ಅನ್ವಯಿಸುತ್ತದೆ. ಕಾಲೇಜು ಬಿಟ್ಟ ಮೇಲಿನ ಬದುಕಿನ ಬಗ್ಗೆ ಹುಟ್ಟಿದ ಕಾಗದಗಳು ಅದರ ಹೊರಗೆ. ಆದರೆ ಇಂಥ ಫೈಲ್‌ಗಳ ಒಳಗೆ ಅಂಕಪಟ್ಟಿಯ ನಕಲೊಂದು ಸೇರಿಕೊಂಡಿರುವುದುಂಟು. ಆ ಹಾಳೆಗೆ ಕಾಯ್ದೆಯ ರಕ್ಷಣೆ ಇದೆ. ದಾನಿಗಳ ಆಸ್ತಿ ಅಂದಾಜಿನ ಟಿಪ್ಪಣಿಗಳು ಕಾಯ್ದೆಯಡಿ ಬರದಿದ್ದರೂ ಜೀವಂತ ಇರುವವರದ್ದನ್ನು ತೆರೆಯುವುದು ಸರಿಯಲ್ಲ. ಎರಡನ್ನೂ ನಿರ್ಬಂಧಿತ ಫೋಲ್ಡರಿಗೆ ಹಾಕಿ, ತೆಗೆದ ಜಾಗದಲ್ಲಿ ಏನು, ಎಷ್ಟು ಹಾಳೆ, ಯಾವ ಪೆಟ್ಟಿಗೆಗೆ ಹೋಯಿತು ಎಂಬ ಚೀಟಿ ಇಡಿ.