ಕೂಲಿ ತಡೆದವರು ನಮ್ಮವರೇ ಆದಾಗ ಸಾಕ್ಷಿ ಹೇಳಬೇಕೇ?

ಪ್ರಶ್ನೆ: ದಕ್ಕೆಯ ಲೆಕ್ಕದವ, ಮಂಗಳೂರು

ಅಸ್ಸಲಾಮು ಅಲೈಕುಂ. ನಾನು ಮಂಗಳೂರಿನ ದಕ್ಕೆಯಲ್ಲಿ ಒಬ್ಬ ಗುತ್ತಿಗೆದಾರರ ಬಳಿ ಲೆಕ್ಕ ಬರೆಯುತ್ತೇನೆ. ಬೋಟುಗಳಿಂದ ಮೀನು ಇಳಿಸುವುದಕ್ಕೂ ಮಂಜುಗಡ್ಡೆ ತುಂಬುವುದಕ್ಕೂ ಅವರು ಒಡಿಶಾ ಮತ್ತು ಜಾರ್ಖಂಡಿನಿಂದ ಬಂದ ಹನ್ನೊಂದು ಮಂದಿಯನ್ನು ಇಟ್ಟುಕೊಂಡಿದ್ದಾರೆ. ಅವರಿಗೆ ಎರಡು ತಿಂಗಳ ಕೂಲಿ ಬಾಕಿಯಿದೆ. ಊಟ, ಕೋಣೆ ಬಾಡಿಗೆ ಎಂದು ಕಡಿದದ್ದು ಸಾಲದೆಂಬಂತೆ, ಕೊಡದ ಮುಂಗಡವನ್ನೂ ಕೊಟ್ಟಂತೆ ಬರೆಸಿದ್ದಾರೆ. ಜೂನ್ 1ರಿಂದ 61 ದಿನ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮೇ ಕೊನೆಗೆ ಇವರೆಲ್ಲ ಊರಿಗೆ ಹೊರಡುತ್ತಾರೆ. ಹೋದ ಮೇಲೆ ಕೇಳುವವರಿರುವುದಿಲ್ಲ ಎಂಬುದು ಧಣಿಗಳ ಎಣಿಕೆ.

ಧಣಿಗಳು ನನ್ನ ತಾಯಿಯ ಕಡೆಯ ಸಂಬಂಧಿಕರು, ನಮ್ಮ ಮಸೀದಿಯ ಜಮಾಅತಿನ ಹಿರಿಯರು, ರಂಜಾನಿನಲ್ಲಿ ಇಫ್ತಾರಿಗೆ ಧಾರಾಳವಾಗಿ ಕೊಡುವವರು. ದೂರು ಕೊಟ್ಟರೆ ನೀನು ಸಾಕ್ಷಿ ಹೇಳುವೆಯಾ ಎಂದು ಕೆಲಸಗಾರರು ಕೇಳಿದ್ದಾರೆ. ಮುಸಲ್ಮಾನನ ದೋಷ ಮುಚ್ಚಿದವನ ದೋಷವನ್ನು ಅಲ್ಲಾಹನು ಮುಚ್ಚುತ್ತಾನೆ ಎಂಬ ಹದೀಸನ್ನು, ಅಂದರೆ ಪ್ರವಾದಿಯವರ ಮಾತನ್ನು, ಮನೆಯವರು ನೆನಪಿಸುತ್ತಾರೆ. ದೀನ್ (ಧರ್ಮ) ಒಂದು ಕಡೆಗೂ ನಾಗರಿಕನ ಕರ್ತವ್ಯ ಇನ್ನೊಂದು ಕಡೆಗೂ ಎಳೆಯುತ್ತಿವೆಯೇ?

ಉತ್ತರ: ನಿವೃತ್ತ ಅಧ್ಯಾಪಕ, ಕುದ್ರೋಳಿ

ವ ಅಲೈಕುಮುಸ್ಸಲಾಂ. ಆ ಹದೀಸು ಸರಿಯಾದದ್ದೇ, ಆದರೆ ಅದು ಒಬ್ಬನ ಖಾಸಗಿ ತಪ್ಪಿಗೆ ಸಂಬಂಧಿಸಿದ್ದು; ಪರರ ಹಕ್ಕನ್ನು ನುಂಗಿದವನಿಗೆ ಅದು ಹೊದಿಕೆಯಾಗುವುದಿಲ್ಲ. ಕರಾವಳಿಯ ನಾವು ಹೆಚ್ಚಿನವರು ಅನುಸರಿಸುವ ಶಾಫಿಈ ಮದ್‌ಹಬಿನ (ಧರ್ಮಶಾಸ್ತ್ರ ಪಂಥದ) ವಿದ್ವಾಂಸ ಇಮಾಂ ನವವಿ, 13ನೇ ಶತಮಾನದಲ್ಲಿಯೇ, ಅನ್ಯಾಯಕ್ಕೊಳಗಾದವನು ಅಧಿಕಾರಿಯ ಮುಂದೆ ದೂರುವುದು ಪರದೂಷಣೆಯ ಪಾಪಕ್ಕೆ ಸೇರದು ಎಂದು ವಿವರಿಸಿದ್ದಾರೆ. ಕೆಲಸವನ್ನು ಪೂರ್ತಿ ಮಾಡಿಸಿಕೊಂಡು ಕೂಲಿ ಕೊಡದವನಿಗೆ ಅಂತ್ಯದಿನದಲ್ಲಿ ತಾನೇ ಎದುರಾಳಿಯಾಗುವುದಾಗಿ ಅಲ್ಲಾಹನು ಹೇಳಿರುವುದು ಬುಖಾರಿಯ ಹದೀಸ್ ಸಂಗ್ರಹದಲ್ಲಿದೆ. ಇಫ್ತಾರಿನ ಧಾರಾಳತನ ಯಾರ ದುಡ್ಡಿನದು ಎಂಬ ಪ್ರಶ್ನೆಯನ್ನು ನಾನು ಕೇಳಬಾರದು, ಆದರೂ ಕೇಳಿಬಿಟ್ಟೆ.

ಪ್ರವಾದಿತ್ವಕ್ಕಿಂತ ಮೊದಲಿನ ಒಂದು ಘಟನೆಯನ್ನು ನೀವು ಕೇಳಿರಬಹುದು. ಯಮನಿನಿಂದ ಸರಕು ತಂದ ವ್ಯಾಪಾರಿಯೊಬ್ಬನಿಗೆ ಮಕ್ಕಾದ ಪ್ರಮುಖ ಆಸ್ ಬಿನ್ ವಾಇಲ್ ಬೆಲೆ ಕೊಡಲಿಲ್ಲ. ಆ ವ್ಯಾಪಾರಿಗೆ ಊರಿನಲ್ಲಿ ಕುಲವಿರಲಿಲ್ಲ, ಬೆಂಬಲಕ್ಕೆ ಬರುವ ಬಂಧುಗಳಿರಲಿಲ್ಲ. ಆಗ ಮಕ್ಕಾದ ಖುರೈಷ್ ಕುಲದವರಲ್ಲಿ ಕೆಲವರು ಅಬ್ದುಲ್ಲಾ ಬಿನ್ ಜುದ್‌ಆನರ ಮನೆಯಲ್ಲಿ ಸೇರಿ, ಅನ್ಯಾಯಕ್ಕೊಳಗಾದವನು ಯಾರೇ ಆಗಿರಲಿ, ಅವನ ಹಕ್ಕು ಸಿಗುವವರೆಗೆ ಅವನ ಜೊತೆ ನಿಲ್ಲುವುದಾಗಿ ಒಪ್ಪಂದ ಮಾಡಿಕೊಂಡು, ತಮ್ಮದೇ ಕುಲದವನಿಂದ ಅವನ ಸರಕನ್ನು ಬಿಡಿಸಿಕೊಟ್ಟರು. ಯುವಕರಾಗಿದ್ದ ಪ್ರವಾದಿಯವರು ಅದರಲ್ಲಿ ಪಾಲ್ಗೊಂಡಿದ್ದರು. ಇಸ್ಲಾಮಿನ ನಂತರವೂ ಅಂಥದ್ದಕ್ಕೆ ಕರೆದರೆ ಓಗೊಡುವೆನೆಂದು ಅವರು ಹೇಳಿದ್ದಾರೆ. ಇದೇ ಹಿಲ್ಫುಲ್ ಫುದೂಲ್. ಒಡಿಶಾದ ಹುಡುಗರಿಗೆ ನಿಮ್ಮ ದಕ್ಕೆಯಲ್ಲಿ ಯಾವ ಕುಲವಿದೆ?

ಉತ್ತರ: ಉಳ್ಳಾಲದ ವ್ಯಾಪಾರಿ

ಮಾಸ್ಟ್ರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ನಾವಿರುವುದು ಯಾವ ಜಿಲ್ಲೆಯಲ್ಲಿ ಎಂಬುದನ್ನೂ ನೋಡಬೇಕು. ಸುದ್ದಿ ಹೊರಬಿದ್ದ ಅರ್ಧ ಗಂಟೆಯಲ್ಲಿ ವಾಟ್ಸಾಪಿನಲ್ಲಿ ಗುತ್ತಿಗೆದಾರನ ಹೆಸರು ಅಳಿಸಿ ಅವನ ಮತ ಉಳಿಯುತ್ತದೆ, ಮರುದಿನ ಅಂಗಡಿ ತೆರೆಯುವ ನಾವೆಲ್ಲ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಮೊದಲು ಮಸೀದಿಯ ಧರ್ಮಗುರು ಖತೀಬರನ್ನು ಕರೆದುಕೊಂಡು ಹೋಗಿ ಒಳಗೇ ಮಾತನಾಡಿ. ಅನ್ಯಾಯ ಮಾಡುವ ಸಹೋದರನನ್ನು ತಡೆಯುವುದೇ ಅವನಿಗೆ ಮಾಡುವ ಸಹಾಯ ಎಂದು ಪ್ರವಾದಿಯವರು ಹೇಳಿದ್ದಾರಲ್ಲವೇ?

ಉತ್ತರ: ವಕೀಲೆ, ಉಡುಪಿ

ನಾನು ನಿಮ್ಮ ಮತದವಳಲ್ಲ, ಹಾಗಾಗಿ ಕಾನೂನನ್ನಷ್ಟೇ ಹೇಳುತ್ತೇನೆ. ಒಳಗೆ ಮಾತನಾಡುವುದು ತಪ್ಪಲ್ಲ, ಆದರೆ ಗಡುವಿಲ್ಲದ ಮಾತುಕತೆ ಇಲ್ಲಿ ಗುತ್ತಿಗೆದಾರನಿಗೇ ಅನುಕೂಲ, ಏಕೆಂದರೆ ಅವರು ಕಾಯುತ್ತಿರುವುದು ಜೂನ್ ತಿಂಗಳನ್ನು. ದೂರುದಾರರು ಕೆಲಸಗಾರರೇ ಆಗಿ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಲಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವನ್ನು ಕೇಳಬಹುದು, ಸಹಾಯವಾಣಿ 15100. ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸುತ್ತದೆ; ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಅದರಡಿ ಬರುತ್ತದೆ ಎಂದು ದೆಹಲಿಯ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕೂಲಿಕಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲಿ ತೀರ್ಪು ಕೊಟ್ಟಿದೆ.

ಲೆಕ್ಕದ ಪುಸ್ತಕವನ್ನು ನೀವು ಎತ್ತಿಕೊಂಡು ಬರಬೇಡಿ, ಅದನ್ನು ತರಿಸಿಕೊಳ್ಳುವ ಅಧಿಕಾರ ಇಲಾಖೆಗಿದೆ. ಇನ್ನೊಂದು ಮಾತು: ಸುಳ್ಳು ಮುಂಗಡ ಬರೆಸಿದ್ದಾರೆ ಎಂದಿದ್ದೀರಿ, ಬರೆದ ಕೈ ಯಾರದೆಂದು ಹೇಳಿಲ್ಲ. ಸಾಕ್ಷಿಗೆ ನಿಂತಾಗ ನಿಮಗೆ ಬರುವ ಮೊದಲ ಪ್ರಶ್ನೆ ಅದೇ.

ಉತ್ತರ: ನಿವೃತ್ತ ಅಧ್ಯಾಪಕ, ಕುದ್ರೋಳಿ

ವಕೀಲರು ಕೈಯಿಟ್ಟದ್ದು ನಾನು ದಾಟಿ ಹೋದ ಜಾಗದಲ್ಲಿ. ಕುರ್‌ಆನಿನ ಸೂರಾ ಅನ್ನಿಸಾದ 135ನೇ ವಚನ ನ್ಯಾಯಕ್ಕೆ ಸಾಕ್ಷಿಗಳಾಗಿ ದೃಢವಾಗಿ ನಿಲ್ಲಿರಿ ಎಂದು ಆಜ್ಞಾಪಿಸುತ್ತದೆ. ಅದರಲ್ಲಿ ತಂದೆತಾಯಿ, ಬಂಧುಗಳ ಪ್ರಸ್ತಾಪಕ್ಕಿಂತ ಮೊದಲು ಬರುವುದು ಸ್ವತಃ ನಿಮಗೇ ವಿರುದ್ಧವಾದರೂ ಎಂಬ ಮಾತು. ಉಳ್ಳಾಲದ ಸಹೋದರರ ಭಯ ಸುಳ್ಳಲ್ಲ, ಆದರೆ ಹೊರಗಿನವರ ದ್ವೇಷ ಒಳಗಿನ ಲೆಕ್ಕವನ್ನು ತಿದ್ದಕೂಡದು.

ಪ್ರಶ್ನೆ ಕೇಳಿದವ

ಬರೆದದ್ದು ನಾನೇ. ಹನ್ನೊಂದು ಹೆಸರುಗಳ ಮುಂದೆಯೂ ನನ್ನ ಅಕ್ಷರವೇ ಇದೆ. ಈ ಶುಕ್ರವಾರ ಜುಮಾ ನಮಾಜಿನ ನಂತರ ಖತೀಬರೊಂದಿಗೆ ಧಣಿಗಳ ಮನೆಗೆ ಹೋಗಿ, ಕೂಲಿ ಪಾವತಿಗೆ ಸೋಮವಾರದವರೆಗೆ ಗಡುವು ಹೇಳುತ್ತೇನೆ. ಕೆಲಸಗಾರರ ರೈಲು 29ಕ್ಕೆ ಇದೆ. ಅರ್ಜಿಯನ್ನು ಹಿಂದಿಯಲ್ಲಿ ಕೊಡಬಹುದೇ, ಅಥವಾ ನಾನೇ ಕನ್ನಡದಲ್ಲಿ ಬರೆದುಕೊಡಬೇಕೇ ಎಂದು ವಕೀಲರು ದಯವಿಟ್ಟು ತಿಳಿಸಬೇಕು.