ಅಪ್ಪನ ಪ್ರಾಸ್ಟೇಟ್‌ಗೆ ವಿಟಮಿನ್ ಇ, ಸೆಲೆನಿಯಂ ಕೊಡ್ಬೋದಾ? ಅನುಭವ ಇರೋರು ಹೇಳಿ

ಅಪ್ಪಂಗೆ 68. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳ್ತಾರೆ, ಸ್ಕ್ಯಾನಿಂಗಲ್ಲಿ ಪ್ರಾಸ್ಟೇಟ್ (ಗಂಡಸರಿಗೆ ಮೂತ್ರಕೋಶದ ಕೆಳಗಿರೋ ಗ್ರಂಥಿ) ದೊಡ್ಡದಾಗಿದೆ ಅಂತ ಬಂತು, ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರ್ ಸುಳಿವಿಗೆ ಮಾಡೋ ರಕ್ತಪರೀಕ್ಷೆ) ನಾರ್ಮಲ್ ಇದೆ, ಡಾಕ್ಟ್ರು ಮೂತ್ರ ಸಲೀಸಾಗಿ ಬರೋಕೆ ಟ್ಯಾಮ್ಸುಲೋಸಿನ್ ಮಾತ್ರೆ ಬರ್ಕೊಟ್ಟಿದಾರೆ. ಚಿಕ್ಕಪ್ಪ ಮಾತ್ರ ‘ಇದೆಲ್ಲ ಆಕ್ಸಿಡೇಟಿವ್ ಸ್ಟ್ರೆಸ್ಸಿಂದ ಬರೋದು, ವಿಟಮಿನ್ ಇ, ಸೆಲೆನಿಯಂ ಶುರು ಮಾಡ್ಸು’ ಅಂತ ದಿನಾ ಫೋನ್ ಮಾಡ್ತಿದಾರೆ. ನಿಮ್ಮನೇಲಿ ಏನು ಮಾಡಿದ್ರಿ?

ಮೈಸೂರಿಂದ:
ಚಿಕ್ಕಪ್ಪ ಹೇಳೋದು ಪೂರ್ತಿ ಸುಳ್ಳೇನಲ್ಲ. ವಯಸ್ಸಾದ ಹಾಗೆ ಜೀವಕೋಶಗಳಲ್ಲಿ ಅವನ್ನೇ ಹಾಳು ಮಾಡೋ ಫ್ರೀ ರ‍್ಯಾಡಿಕಲ್ಸ್ ಜಾಸ್ತಿ ಆಗುತ್ತೆ, ಅದನ್ನ ತಡೆಯೋ ಶಕ್ತಿ ಕಮ್ಮಿ ಆಗುತ್ತೆ, ಆಕ್ಸಿಡೇಟಿವ್ ಸ್ಟ್ರೆಸ್ ಅಂದ್ರೆ ಇದೇ, ಹೊಟ್ಟೆ ಬೊಜ್ಜು, ಶುಗರ್, ಸಿಗರೇಟು ಇದ್ರಂತೂ ಇನ್ನೂ ಜಾಸ್ತಿ. ಹಾಗಂತ ಮಾತ್ರೆ ನುಂಗಿದ್ರೆ ಸರಿಹೋಗುತ್ತಾ ಅಂದ್ರೆ ಅಲ್ಲೇ ಇರೋದು ತಮಾಷೆ. ಅಮೆರಿಕಾದಲ್ಲಿ 2001ರಲ್ಲಿ ಸೆಲೆಕ್ಟ್ ಅಂತ ದೊಡ್ಡ ಟ್ರಯಲ್ ಶುರು ಮಾಡಿದ್ರು, 35,000ಕ್ಕೂ ಜಾಸ್ತಿ ಗಂಡಸರು, ಇದೇ ವಿಟಮಿನ್ ಇ, ಇದೇ ಸೆಲೆನಿಯಂ, ಪ್ರಾಸ್ಟೇಟ್ ಕ್ಯಾನ್ಸರ್ ತಡೆಯುತ್ತಾ ನೋಡೋಣ ಅಂತ. ಉಪಯೋಗ ಕಾಣ್ಲಿಲ್ಲ, 2008ರಲ್ಲಿ ಮಾತ್ರೆ ನಿಲ್ಲಿಸಿಬಿಟ್ರು. 2011ರಲ್ಲಿ ಮತ್ತೆ ಲೆಕ್ಕ ಹಾಕಿದ್ರೆ ಬರೀ ವಿಟಮಿನ್ ಇ ತಗೊಂಡೋರಲ್ಲಿ ಕ್ಯಾನ್ಸರ್ 17% ಜಾಸ್ತಿ! ಡೋಸ್ ದಿನಕ್ಕೆ 400 ಯೂನಿಟ್. ಮೆಡಿಕಲ್ ಶಾಪಲ್ಲಿ ಕೂದಲಿಗೆ, ಚರ್ಮಕ್ಕೆ ಅಂತ ಚೀಟಿ ಇಲ್ದೇನೇ ಕೊಡ್ತಾರಲ್ಲ ಆ ಹಸಿರು ಕ್ಯಾಪ್ಸೂಲ್, ಅದ್ರ ಮೇಲೂ 400 ಅಂತಾನೇ ಇರುತ್ತೆ ನೋಡಿ. ನಮ್ಮಾವನಿಗೆ ನಾನು ಬೇಡ ಅಂದಿದ್ದು ಇದಕ್ಕೇ. ಸಾ ಪಾಮೆಟ್ಟೊ ಅಂತ ಇನ್ನೊಂದು ಗಿಡಮೂಲಿಕೆ ಮಾತ್ರೆ ಬರುತ್ತೆ, ಅದೂ ದೊಡ್ಡ ಟ್ರಯಲ್‌ಗಳಲ್ಲಿ ಸುಮ್ನೆ ಕೊಟ್ಟ ಖಾಲಿ ಮಾತ್ರೆಗಿಂತ ಹೆಚ್ಚೇನೂ ಮಾಡ್ಲಿಲ್ಲ, ದುಡ್ಡು ದಂಡ.

ಹಾಸನ:
ನಮ್ಮ ಮನೇಲಿ ಮಾತ್ರೆಗಿಂತ ಉಪಯೋಗ ಆಗಿದ್ದು ಸಂಜೆ ಅಭ್ಯಾಸ ಬದಲಾಯಿಸಿದ್ದು. ನಮ್ಮಪ್ಪ ಮಲಗೋ ಮುಂಚೆ ಒಂದು ಚೊಂಬು ನೀರು ಕುಡಿದೇ ಮಲಗೋರು, ಊಟಕ್ಕೆ ಮಜ್ಜಿಗೆ ಬೇರೆ, ಜೊತೆಗೆ ಉಪ್ಪಿನಕಾಯಿ ಹಪ್ಪಳ. ಉಪ್ಪು ಜಾಸ್ತಿ ಆದ್ರೂ ರಾತ್ರಿ ಮೂತ್ರ ಜಾಸ್ತಿ ಅಂತ ಡಾಕ್ಟ್ರು ಹೇಳಿದ್ಮೇಲೆ ನೀರು ಕಾಫಿ ಎಲ್ಲ ಸಂಜೆ ಏಳರೊಳಗೆ ಮುಗಿಸೋದು, ಹಗಲು ಚೆನ್ನಾಗಿ ಕುಡಿಯೋದು (ಪೂರ್ತಿ ಕಮ್ಮಿ ಮಾಡ್ಬೇಡಿ, ಮಲಬದ್ಧತೆ ಆದ್ರೆ ಇನ್ನೂ ತೊಂದ್ರೆ), ಕಾಲು ಊದ್ತಿತ್ತು ಅಂತ ಮಧ್ಯಾಹ್ನ ಸ್ವಲ್ಪ ಹೊತ್ತು ಕಾಲು ಎತ್ತಿಟ್ಟು ಮಲಗೋದು. ಈಗ ಒಂದೋ ಎರಡೋ ಸಲ ಏಳ್ತಾರೆ ಅಷ್ಟೇ. ಊಟ ಅಂದ್ರೆ ಟೊಮೆಟೊ ಗೊಜ್ಜು, ಸೊಪ್ಪು, ಕೆಂಪು ಸೀಬೆ ಹಣ್ಣು. ಟೊಮೆಟೊ ಎಣ್ಣೇಲಿ ಬೇಯಿಸಿದ್ರೆ ಅದರ ಲೈಕೋಪಿನ್ (ಕೆಂಪು ಬಣ್ಣ ಕೊಡೋ ಅಂಶ) ಮೈಗೆ ಚೆನ್ನಾಗಿ ಹಿಡಿಯುತ್ತಂತೆ. ಅದ್ರಿಂದ ಪ್ರಾಸ್ಟೇಟ್ ಸಣ್ಣದಾಗುತ್ತೆ ಅಂತೇನೂ ನಂಬಿಲ್ಲ, ತಿನ್ನೋದ್ರಿಂದ ನಷ್ಟ ಇಲ್ವಲ್ಲ.

ಹುಬ್ಬಳ್ಳಿ:
ಊಟದ ಮಾತು ಇರ್ಲಿ, ನೆಗಡಿ ಗುಳಗಿ ಹುಷಾರ್ರಿ! ನಮ್ಮ ಕಾಕಾರಿಗೆ ಇದ ತ್ರಾಸ ಇತ್ತು, ನೆಗಡಿ ಆತಂತ ಅಂಗಡ್ಯಾಗ ಕೇಳಿ ಗುಳಗಿ ತಗೊಂಡ್ರು, ಅವತ್ತ ರಾತ್ರಿ ಒಂದ ಹನಿನೂ ಮೂತ್ರ ಬರಲಿಲ್ಲ, ಕಿಬ್ಬೊಟ್ಟಿ ಬಿಗದ ಕಲ್ಲಾಗಿತ್ತು, ಕಡೀಕ ದವಾಖಾನ್ಯಾಗ ನಳಿಗಿ ಹಾಕಿ ತಗದ್ರು. ಆ ಗುಳಗ್ಯಾಗ ಫಿನೈಲ್‌ಎಫ್ರಿನ್, ಕ್ಲೋರ್‌ಫೆನಿರಮಿನ್ ಎರಡೂ ಇದ್ವು, ಪ್ರಾಸ್ಟೇಟ್ ದೊಡ್ಡದಾದವರಿಗೆ ಎರಡೂ ನಡಿಯಂಗಿಲ್ಲಂತ.

ಮೈಸೂರಿಂದ:
ಇದೊಂದು ಬಿಟ್ಟೆ, ಮುಂದೆ ಪ್ರಾಸ್ಟೇಟ್ ಸಣ್ಣ ಮಾಡೋ ಫಿನಾಸ್ಟರೈಡ್ ಮಾತ್ರೆ ಬರ್ದುಕೊಟ್ರೆ ಆರು ತಿಂಗಳಾದ್ಮೇಲೆ ಪಿಎಸ್‌ಎ ಸುಮಾರು ಅರ್ಧ ಇಳಿಯುತ್ತೆ, ರಿಪೋರ್ಟಲ್ಲಿ 2 ಅಂತ ಬಂದ್ರೆ 4 ಅಂತ ಲೆಕ್ಕ. ಬೇರೆ ಡಾಕ್ಟ್ರ ಹತ್ರ ಹೋದ್ರೂ ಆ ಮಾತ್ರೆ ವಿಷಯ ಹೇಳ್ಬೇಕು.

ಪ್ರಶ್ನೆ ಕೇಳಿದವರು:
ಎಲ್ರಿಗೂ ಥ್ಯಾಂಕ್ಸ್, ಚಿಕ್ಕಪ್ಪಂಗೆ ಓದಿ ಹೇಳ್ತೀನಿ. ಅಪ್ಪಂಗೆ ಮುಂದಿನ ತಿಂಗಳು ಕಣ್ಣಿನ ಪೊರೆ ಆಪರೇಷನ್ ಇದೆ, ಟ್ಯಾಮ್ಸುಲೋಸಿನ್ ತಗೊಳ್ತಾ ಇದ್ರೆ ಏನಾದ್ರೂ ತೊಂದ್ರೆನಾ?

ಹಾಸನ:
ಕಣ್ಣಿನ ಡಾಕ್ಟ್ರಿಗೆ ಈಗ್ಲೇ ಹೇಳ್ಬಿಡಿ. ಆ ಮಾತ್ರೆ ತಗೊಳ್ಳೋರಿಗೆ ಆಪರೇಷನ್ ಟೈಮಲ್ಲಿ ಕಣ್ಣಿನ ಪಾಪೆ ಸರಿಯಾಗಿ ಅಗಲ ಆಗಲ್ಲ, ಮುಂಚೆ ಗೊತ್ತಿದ್ರೆ ಅವ್ರು ತಯಾರಿ ಮಾಡ್ಕೊತಾರೆ. ನೀವೇ ಮಾತ್ರೆ ನಿಲ್ಲಿಸ್ಬೇಡಿ, ನಿಲ್ಲಿಸಿದ್ರೂ ಆ ಪರಿಣಾಮ ಹೋಗುತ್ತೆ ಅಂತ ಗ್ಯಾರಂಟಿ ಇಲ್ಲ.