ಪಶುವೈದ್ಯರನ್ನು ಕೇಳಿ: ಹರಡುವ ರೋಗಗಳು

ಅಡ್ಮಿನ್: ಡಾಕ್ಟರು ಇವತ್ತು ದನ, ಕುರಿ, ಮೇಕೆಗಳ ಅಂಟುರೋಗಗಳ ಬಗ್ಗೆ ಉತ್ತರಿಸುತ್ತಾರೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಹೈನುಗಾರ: ನಮಸ್ಕಾರ ಡಾಕ್ಟ್ರೇ. ಪಕ್ಕದ ಕೊಟ್ಟಿಗೆಗೆ ಕಾಲುಬಾಯಿ ರೋಗ ಬಂದಿದೆ. ನಮ್ಮ ಹಸುಗಳು ಚೆನ್ನಾಗಿವೆ. ಈಗ ಲಸಿಕೆ ಹಾಕಿಸಬಹುದಾ?

ಡಾಕ್ಟರ್: ನಮಸ್ಕಾರ. ಲಸಿಕೆಯ ರಕ್ಷಣೆ ಬರಲು ವಾರಕ್ಕಿಂತ ಜಾಸ್ತಿ ಬೇಕಾಗಬಹುದು. ಸೋಂಕು ತಗುಲಿದ 2ರಿಂದ 14 ದಿನದೊಳಗೆ ಗುಳ್ಳೆ ಕಾಣುತ್ತದೆ. ಅದಕ್ಕೂ ಮುಂಚೆಯೇ ಹಾಲಿನಲ್ಲಿ ವೈರಸ್ ಇರಬಹುದು. ಸ್ಥಳೀಯ ಪಶುವೈದ್ಯರನ್ನು ಇವತ್ತೇ ಕರೆಸಿ, ಲಸಿಕೆ ವಿಚಾರ ಅವರು ನೋಡಿ ಹೇಳಲಿ. ಆ ಕೊಟ್ಟಿಗೆಯ ಜನ, ಬಕೆಟ್, ಹಗ್ಗ ನಿಮ್ಮ ಕಡೆ ಬರುವುದು ಬೇಡ. ಬೂಟಿನ ಸಗಣಿ ಕೆರೆದು ತೊಳೆಯಿರಿ. ಆಮೇಲೆ ಲೀಟರ್ ನೀರಿಗೆ 40 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ಅದರಲ್ಲಿ ಅದ್ದಿ. ಸಗಣಿ ಅಂಟಿದ್ದರೆ ಸೋಡಾ ಹಾಕಿಯೂ ಉಪಯೋಗವಿಲ್ಲ.

ಮೇಕೆ ಸಾಕುವವರು: ಸರ್, ಗಬ್ಬದ ಮೇಕೆಗೆ ಹಿರೇಬೇನೆ ಲಸಿಕೆ ಹಾಕಿಸಬಹುದಾ?

ಕುರಿಗಾಹಿ: ಬಂದಿದ್ದನ್ನು ಹಾಕ್ತಿದ್ದೇನೆ: "ಗೊರಸಿನ ಹುಣ್ಣಿಗೆ ಸುಟ್ಟ ಎಂಜಿನ್ ಆಯಿಲ್ ಹಚ್ಚಿ. ಮೂರೇ ದಿನದಲ್ಲಿ ಕಾಲುಬಾಯಿ ಮಾಯ. ಎಲ್ಲರಿಗೂ ಹಂಚಿ."

ಡಾಕ್ಟರ್: ಹಂಚಬೇಡಿ. ಅದು ವಿಷ. ಹುಣ್ಣನ್ನು ಸುಡುತ್ತದೆ, ಹಸು ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ.

ಹೊಸಬ: ಡಾಕ್ಟ್ರೇ, ಅರ್ಜೆಂಟ್. ನಿನ್ನೆ ಸಂಜೆ ಮೇವು ತಿಂದ ಹಸು ಬೆಳಿಗ್ಗೆ ಸತ್ತು ಬಿದ್ದಿತ್ತು. ಮೂಗಿನಿಂದ ಕಪ್ಪಗಿನ ರಕ್ತ ಸೋರ್ತಿದೆ, ಹೆಪ್ಪುಗಟ್ಟಿಲ್ಲ. ಹೊಟ್ಟೆ ಉಬ್ಬಿದೆ. ಚರ್ಮ ಸುಲಿಯೋರು ಬಂದು ನಿಂತಿದ್ದಾರೆ. ಹಾವು ಕಚ್ಚಿರಬಹುದಾ?

ಡಾಕ್ಟರ್: ಸುಲಿಯೋರನ್ನು ಈಗಲೇ ವಾಪಸ್ ಕಳಿಸಿ. ಚಾಕು ತಾಗಿಸಬಾರದು. ನೀವು ಹೇಳಿದ್ದೆಲ್ಲ ಆಂಥ್ರಾಕ್ಸ್ ಕಡೆ ಬೊಟ್ಟು ಮಾಡುತ್ತಿದೆ, ಅದು ಮನುಷ್ಯರಿಗೂ ಅಂಟುವ ಬ್ಯಾಕ್ಟೀರಿಯಾ ರೋಗ. ಪರೀಕ್ಷೆ ಆಗೋವರೆಗೂ ಅದೇ ಅಂದುಕೊಂಡು ನಡೆಯಿರಿ.

ಯಾಕೆ ಹೇಳ್ತೀನಿ ಕೇಳಿ. ಹೆಣ ತೆರೆಯದೆ ಬಿಟ್ಟರೆ ಒಳಗಿನ ಬ್ಯಾಕ್ಟೀರಿಯಾ ಕೊಳೆತದಲ್ಲೇ ಕೆಲವು ದಿನಗಳಲ್ಲಿ ಬಹುತೇಕ ಸಾಯುತ್ತದೆ. ಕೊಯ್ದಿರೋ, ಗಾಳಿ ತಾಗಿ ಗಟ್ಟಿ ಕವಚದ ಬೀಜಕ ಆಗುತ್ತದೆ. ಅದು ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಸ್ಕಾಟ್ಲೆಂಡ್‌ನ ಗ್ರುಯ್‌ನಾರ್ಡ್ ದ್ವೀಪದಲ್ಲಿ 1942ರಲ್ಲಿ ಇದರ ಪ್ರಯೋಗ ಮಾಡಿದರು. ಫಾರ್ಮಾಲ್ಡಿಹೈಡ್ ಸುರಿದು ಮಣ್ಣು ಶುದ್ಧ ಮಾಡಿ, ಅಪಾಯವಿಲ್ಲ ಅಂತ ಘೋಷಿಸಿದ್ದು 1990ರಲ್ಲಿ. ನಿಮ್ಮ ಹೊಲಕ್ಕೆ ಆ ಗತಿ ಬೇಡ.

ಹೆಣ ಎಳೆದಾಡಬೇಡಿ. ಮೇಲೆ ಟಾರ್ಪಾಲ್ ಹೊದಿಸಿ, ನಾಯಿ, ಕಾಗೆ ಹತ್ತಿರ ಸುಳಿಯದಂತೆ ಒಬ್ಬರು ದೂರದಲ್ಲಿ ಕಾಯಲಿ. ಪಶುವೈದ್ಯರಿಗೆ ಫೋನ್ ಮಾಡಿ, "ಮೂಗಲ್ಲಿ ರಕ್ತ, ಹಠಾತ್ ಸಾವು" ಅಂತ ಮೊದಲೇ ಹೇಳಿ. ಹೆಣವನ್ನು ಪೂರ್ತಿ ಸುಡಬೇಕು. ಆಗದಿದ್ದರೆ ನೀರಿನ ಮೂಲದಿಂದ ದೂರ, 6 ಅಡಿಗಿಂತ ಆಳದಲ್ಲಿ, ರಕ್ತ ಬಿದ್ದ ಮಣ್ಣಿನ ಸಮೇತ ಹೂಳಬೇಕು. ಅದು ಅವರು ಬಂದ ಮೇಲೆ. ಯಾರಾದ್ರೂ ರಕ್ತ ಮುಟ್ಟಿದ್ದಾರಾ? ತಕ್ಷಣ ಹೇಳಿ.

ಹಳೇ ರೈತ: ಸುಮ್ನೆ ಹೆದರಿಸಬೇಡಿ. ನಮ್ಮ ತಾತಂದಿರು ಸತ್ತ ದನ ಸುಲಿದೇ ಬದುಕಿದರು.

ಹೈನುಗಾರ: ಬದುಕಿದವರನ್ನು ನೋಡಿದ್ದೀರಿ ಅಣ್ಣ. ಸತ್ತವರು ಬಂದು ಹೇಳ್ತಾರಾ?

ಹಳೇ ರೈತ: ನಾಲ್ಕು ಹಸು ಕಟ್ಟಿದ ಮಾತ್ರಕ್ಕೆ ನನಗೆ ಪಾಠ ಬೇಡ. ರೋಗ ಅಂತ ಬಾಯಿಬಿಟ್ಟರೆ ದನಗಳ ಓಡಾಟ ನಿಲ್ಲಿಸ್ತಾರೆ, ಹಾಲೂ ಹೋಗಲ್ಲ. ಸುಳಿವು ಸಿಕ್ಕಿದ ಕೂಡಲೇ ಮಾರಿಬಿಡೋದೇ ವಾಸಿ.

ಹೈನುಗಾರ: ಆ ದನ ಕೊಂಡವನ ಗತಿ? ನಮ್ಮ ಪಕ್ಕದ ಕೊಟ್ಟಿಗೆಗೆ ರೋಗ ಬಂದಿದ್ದೇ ಹಾಗೆ!

ಡಾಕ್ಟರ್: ಮಾರಿಬಿಡಿ ಅನ್ನೋ ಸಲಹೆ ಈ ಗುಂಪಿನಲ್ಲಿ ಬೇಡ. 2001ರಲ್ಲಿ ಬ್ರಿಟನ್ನಿನಲ್ಲಿ ಒಂದು ಹಂದಿ ಫಾರ್ಮಿನವರು ಕಾಲುಬಾಯಿ ರೋಗವನ್ನು ತಿಳಿಸಲಿಲ್ಲ. ಗೊತ್ತಾಗುವ ಹೊತ್ತಿಗೆ ಕುರಿಗಳು ಸಂತೆಗಳ ಮೂಲಕ ದೇಶದ ತುಂಬ ಹೋಗಿದ್ದವು. 60 ಲಕ್ಷಕ್ಕೂ ಜಾಸ್ತಿ ಪ್ರಾಣಿಗಳನ್ನು ಕೊಂದರು. ಅದರಲ್ಲಿ ಎಷ್ಟೋ ಆರೋಗ್ಯವಾಗಿದ್ದವು. ಓಡಾಟ ನಿಲ್ಲಿಸಿದರೆ ಕಷ್ಟ ಅಂತ ನನಗೂ ಗೊತ್ತು. ರೋಗವನ್ನು ಊರೂರಿಗೆ ಹೊತ್ತೊಯ್ಯೋದು ಆ ಓಡಾಟವೇ ಅಲ್ವಾ?

ಕುರಿಗಾಹಿ: ಸರ್, ಪಕ್ಕದಲ್ಲಿ ಕಾಲುಬಾಯಿ ಇದ್ದರೆ ಲಸಿಕೆ ಹಾಕಿಸಬಹುದಾ?

ಡಾಕ್ಟರ್: ಮೇಲೆ ಹೇಳಿದ್ದೇನೆ. ಓದಿ.

ಕುರಿಗಾಹಿ: ಇದೂ ಫಾರ್ವರ್ಡ್: "ಕೊಟ್ಟಿಗೆಯಲ್ಲಿ ಬೇವಿನ ಹೊಗೆ ಹಾಕಿದರೆ ಯಾವ ರೋಗವೂ ಬರಲ್ಲ."

ಡಾಕ್ಟರ್: ಹೊಗೆಗೆ ನೊಣ, ಸೊಳ್ಳೆ ಸ್ವಲ್ಪ ದೂರ ಹೋಗಬಹುದು, ಅಷ್ಟೇ. ಅದನ್ನು ನಂಬಿ ಲಸಿಕೆ ತಪ್ಪಿಸಿದರೆ ದನ ಕಳೆದುಕೊಳ್ಳುವವರು ನೀವು. ಇನ್ನೊಂದು ಫಾರ್ವರ್ಡ್ ಬಂದರೆ ಅಡ್ಮಿನ್ ನೋಡಿಕೊಳ್ಳಲಿ.

ಮೇಕೆ ಸಾಕುವವರು: ಸರ್, ಗಬ್ಬದ ಮೇಕೆ ಬಗ್ಗೆ ಕೇಳಿದ್ದೆ.

ಹಳೇ ರೈತ: ಅಡ್ಮಿನ್, ರೈತರ ಮಾತಿಗೆ ಇಲ್ಲಿ ಬೆಲೆ ಇಲ್ವಾ?

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಹೊಸಬ: ಪಶುವೈದ್ಯರು ಬಂದರು. ಕಿವಿಯಿಂದ ಒಂದು ಹನಿ ರಕ್ತ ತಗೊಂಡರು. ಅವರಿಗೂ ಅದೇ ಅನುಮಾನ. ನನ್ನ ತಮ್ಮ ಬೆಳಿಗ್ಗೆ ಬರಿಗೈಯಲ್ಲಿ ಹಸುವಿನ ಮೂಗು ಒರೆಸಿದ್ದ.

ಡಾಕ್ಟರ್: ಸೋಪು ಹಾಕಿ ಕೈ ಚೆನ್ನಾಗಿ ತೊಳೆಸಿ, ಈಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಆಂಥ್ರಾಕ್ಸ್ ಅನುಮಾನ ಇದೆ ಅಂತ ಬಾಗಿಲಲ್ಲೇ ಹೇಳಿ. ಚರ್ಮದಲ್ಲಿ ಮೊದಲು ತುರಿಸುವ ಗುಳ್ಳೆ ಏಳುತ್ತದೆ, ಆಮೇಲೆ ನೋವಿಲ್ಲದ ಕಪ್ಪು ಹಕ್ಕಳೆ. ಅದು ಕಾಣಲಿ ಅಂತ ಕಾಯಬೇಡಿ. ಬೇಗ ಮದ್ದು ಶುರುವಾದರೆ ವಾಸಿಯಾಗುತ್ತದೆ. ಉಳಿದ ಹಸುಗಳ ಜ್ವರ ಬೆಳಿಗ್ಗೆ, ಸಂಜೆ ನೋಡಿ ಬರೆದಿಡಿ. ಪಶುವೈದ್ಯರು ಹೇಳೋವರೆಗೂ ಹಾಲು ಯಾರಿಗೂ ಕೊಡಬೇಡಿ. ಯಾವುದಕ್ಕಾದ್ರೂ ಆಂಟಿಬಯೋಟಿಕ್ ಕೊಟ್ಟಿದ್ದರೆ ಅದನ್ನೂ ಅವರಿಗೆ ತಿಳಿಸಿ. ದನಗಳಿಗೆ ಹಾಕುವ ಆಂಥ್ರಾಕ್ಸ್ ಲಸಿಕೆಯಲ್ಲಿ ಜೀವಂತ ಬೀಜಕ ಇರುತ್ತದೆ, ಆಂಟಿಬಯೋಟಿಕ್ ಜೊತೆ ಕೊಟ್ಟರೆ ಲಸಿಕೆ ಕೆಲಸ ಮಾಡುವುದಿಲ್ಲ. ಆಸ್ಪತ್ರೆಗೆ ಹೊರಟಿರಾ?

ಹೊಸಬ: ಗಾಡಿ ತೆಗೀತಿದ್ದೇನೆ.